ನಾಯಿಯ ಸಮಾಧಿ ಇರುವ ಊರು

ಬೋಗಾದಿಯಲ್ಲಿ ನಮ್ಮ ಎದುರು ಮನೆಯ ಹೊಸ ದಂಪತಿ ವೇಲ್ಸ್‌ಗೆ ಹೊರಟಿದ್ದರು. ಹಿಂದಿನ ವರ್ಷ ನಾನೂ ಹೆಂಡತಿಯೂ ಟೂರಿನವರ ಜೊತೆ ಅಲ್ಲಿಗೆ ಹೋಗಿಬಂದಿದ್ದರಿಂದ, ಯಾವ ಯಾವ ಊರು ನೋಡಬೇಕೆಂದು ಕೇಳಲು ಒಂದು ಸಂಜೆ ಮನೆಗೆ ಬಂದರು.

ನಾನು ಹುರುಪಿನಿಂದ ಶುರುಮಾಡಿದೆ. ಕಾನ್ವಿಯಲ್ಲಿ ಕೋಟೆಗೋಡೆಯ ಮೇಲೆ ನಡೆದೇ ಊರು ಸುತ್ತಬಹುದು. ಲ್ಯಾಂಡಡ್ನೊದ ಕಡಲ ದಂಡೆಯಲ್ಲಿ ಕೂತರೆ ಏಳುವ ಮನಸ್ಸೇ ಆಗುವುದಿಲ್ಲ; ಕೈಯಲ್ಲಿ ತಿಂಡಿ ಹಿಡಿದಿದ್ದರೆ ಮಾತ್ರ ಹಕ್ಕಿಗಳು ಕಿತ್ತುಕೊಂಡು ಹೋಗುತ್ತವೆ.

"ಆ ನಾಯಿ ಸಮಾಧಿ ಊರು ಹೇಳ್ಲೇ ಇಲ್ವಲ್ರೀ," ಎಂದಳು ಹೆಂಡತಿ.

ಬೇಕೆಂದೇ ಬಿಟ್ಟಿದ್ದೆ. ಕಿವಿ ಬಿಸಿಯಾಯಿತು.

ಬೆದ್‌ಗೆಲರ್ಟ್ ಎಂಬ ಹಳ್ಳಿ ಅದು. ಹೊಳೆಯ ಪಕ್ಕದ ಬಯಲಿನಲ್ಲಿ, ಮರದ ಕೆಳಗೆ ಸಮಾಧಿ. ದೊರೆಯೊಬ್ಬನ ತೊಟ್ಟಿಲ ಮಗುವನ್ನು ತೋಳದಿಂದ ಕಾಪಾಡಿದ ನಾಯಿಯದು. ಅದರ ಬಾಯಿಯಲ್ಲಿ ರಕ್ತ ಕಂಡ ದೊರೆ, ಮಗುವನ್ನೇ ತಿಂದಿದೆ ಎಂದುಕೊಂಡು ಕೊಂದುಬಿಟ್ಟನಂತೆ. ಗೈಡ್ ಇಷ್ಟು ಹೇಳುವುದರೊಳಗೆ ನನಗೆ ಹಿನಕಲ್ಲಿನ ಅಜ್ಜಿ ಹೇಳುತ್ತಿದ್ದ ಮುಂಗುಸಿಯ ಕಥೆ ನೆನಪಾಗಿತ್ತು. ಕೊನೆ ಹೇಳುವಾಗ ಪ್ರತಿ ಸಲವೂ ಅಜ್ಜಿಯೇ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಅರವತ್ತು ದಾಟಿದ ನಾನು ಇಡೀ ಗುಂಪಿನೆದುರು ಬಿಕ್ಕಿ ಬಿಕ್ಕಿ ಅತ್ತೆ.

ಜೊತೆಯಲ್ಲಿದ್ದ ಮಂಡ್ಯದವರೊಬ್ಬರು ಬೆನ್ನು ತಟ್ಟಿ, "ಸುಮ್ನಿರಿ ಸಾರ್. ಒಳಗೆ ನಾಯೀನೇ ಇಲ್ವಂತೆ. ಗಿರಾಕಿ ಬರ್ಲಿ ಅಂತ ಯಾರೋ ಹೋಟ್ಲೋನು ಕಲ್ಲು ನೆಟ್ಬುಟ್ಟವ್ನೆ," ಎಂದರು. ಎಲ್ಲರೂ ನಕ್ಕರು. ಊಟದ ಮೇಜಿನಲ್ಲೂ ಅದೇ ಮಾತು. ಆಮೇಲೆ ಬಸ್ಸಿನಲ್ಲಿ ನಾನು ಕಿಟಕಿಯ ಕಡೆಯಿಂದ ಮುಖವನ್ನೇ ತಿರುಗಿಸಲಿಲ್ಲ.

"ಏನ್ ಕಥೆ ಅಂಕಲ್ ಅದು?" ಎಂದು ಎದುರು ಮನೆಯ ಹುಡುಗಿ ಕೇಳಿದಳು. ಹೇಳದೆ ವಿಧಿಯಿರಲಿಲ್ಲ. ಬೇರೆ ಯಾರದೋ ಸುದ್ದಿ ಓದುವವನಂತೆ ಬೇಗ ಬೇಗ ಹೇಳಿದೆ. ಬೋರಲಾದ ತೊಟ್ಟಿಲನ್ನು ಎತ್ತಿ ನೋಡಿದರೆ ಮಗು ಕೈಕಾಲು ಆಡಿಸುತ್ತಿತ್ತು ಎನ್ನುವಲ್ಲಿ ದನಿ ಒಡೆಯಿತು. ನೀರು ತರುತ್ತೇನೆಂದು ಅಡುಗೆಮನೆಗೆ ಹೋದವನು ನಲ್ಲಿ ಬಿಟ್ಟುಕೊಂಡು ಅಲ್ಲೇ ನಿಂತೆ. ಹೊರಗೆ ಹೋಗಿ ಅವರ ಮುಖ ನೋಡುವ ಧೈರ್ಯ ಬರಲಿಲ್ಲ.

ಗೇಟಿನ ಸದ್ದಾಯಿತು. ಹೆಂಡತಿ ಬಂದು ನಲ್ಲಿ ನಿಲ್ಲಿಸಿದಳು.

"ಹೋದ್ರು ಕಣ್ರೀ. ಆ ಊರಿಗೂ ಹೋಗ್ತಾರಂತೆ."

"ನಕ್ರಾ?"

"ಯಾಕ್ ನಗ್ತಾರೆ? ಆ ಹುಡುಗಿ ಊರಿನ ಹೆಸ್ರು ಬರ್ಕೊಂಡು ಹೋದ್ಲು."

ಅಷ್ಟು ಕೇಳಿದರೂ ನಾಚಿಕೆ ಇಳಿಯಲಿಲ್ಲ. ಮರುದಿನ ಬೆಳಿಗ್ಗೆ, ಅವರು ಗಿಡಗಳಿಗೆ ನೀರು ಹಾಕುವ ಹೊತ್ತೆಂದು, ಹಿತ್ತಲ ಬಾಗಿಲಿನಿಂದ ಹೊರಟು ಹಿಂದಿನ ರಸ್ತೆ ಸುತ್ತಿ ಹಾಲು ತಂದೆ.