ಪಟ್ಟಿಯಲ್ಲಿ ಬಿಟ್ಟ ಎರಡು ಸಾಲು

ನಮ್ಮ ಮಾವನವರು ಸೊಸೆಯಂದಿರನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಕೆಮ್ಮುತ್ತಿದ್ದರು. ಒಂದು ಸಲ ಕೆಮ್ಮಿದರೆ ದೊಡ್ಡ ಸೊಸೆ, ಅಂದರೆ ನನ್ನ ನೆಗೆಣ್ಣಿ. ಎರಡು ಸಲ ಕೆಮ್ಮಿದರೆ ನಾನು. ನೀರು ಬೇಕಾದರೂ ಕೆಮ್ಮು, ಊಟಕ್ಕೆ ಬಡಿಸಬೇಕಾದರೂ ಕೆಮ್ಮು. ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಹಮಾಲರ ಜೊತೆ ಕನ್ನಡದಲ್ಲಿ, ವ್ಯಾಪಾರಿಗಳ ಜೊತೆ ತೆಲುಗಿನಲ್ಲಿ ದಿನವಿಡೀ ಗಂಟಲು ಹರಿಯುವಂತೆ ಮಾತಾಡುತ್ತಿದ್ದ ಮನುಷ್ಯ, ಬಳ್ಳಾರಿಯ ಮನೆಯ ಹೊಸ್ತಿಲು ದಾಟಿದ ಕೂಡಲೇ ಕೆಮ್ಮಿಗೆ ಇಳಿಯುತ್ತಿದ್ದರು. ಇದು ಮರ್ಯಾದೆಯಂತೆ. ಕುರುಗೋಡಿನ ತವರಿನಲ್ಲಿ ದಿನಕ್ಕೆ ನೂರು ಸಲ ಕರೆಸಿಕೊಂಡ ನನ್ನ ಹೆಸರು ಬಳ್ಳಾರಿಗೆ ಬಂದ ಮೇಲೆ ಕೆಲಸವಿಲ್ಲದೆ ಕೂತಿತು. ಗಂಡನೂ ಹೆಸರು ಹಿಡಿಯುವಂತಿರಲಿಲ್ಲ. ಅವರಿಗೆ ನಾನು ‘ಏ, ಕೇಳೇನು’. ಮೊದಲ ವರ್ಷ ನಗು ಬರುತ್ತಿತ್ತು, ಮೂರನೆಯ ವರ್ಷಕ್ಕೆ ಮೈ ಉರಿಯತೊಡಗಿತು.

ಯುದ್ಧ ಮುಗಿದು ಊರಾಚೆಯ ಮಿಲಿಟರಿ ಕ್ಯಾಂಪು ಖಾಲಿಯಾದಾಗ ಹರಾಜಿಗೆ ಬಂದ ಲಾರಿಯೊಂದನ್ನು ಮಾವ ತಂದಿದ್ದರು. ದೇಶನೂರು, ಕರೂರಿನ ಭತ್ತವನ್ನು ಗಿರಣಿಗೆ ಹೊರುವುದು ಅದರ ಕೆಲಸ. ಎಷ್ಟು ದೊಡ್ಡ ಗಾಡಿಯೆಂದರೆ, ಅದು ನಮ್ಮ ಓಣಿಯಲ್ಲಿ ತಿರುಗುವಾಗ ಎದುರು ಮನೆಯವರು ಕಟ್ಟೆಯ ಮೇಲೆ ಒಣಹಾಕಿದ ಮೆಣಸಿನಕಾಯಿಯನ್ನು ಎತ್ತಿಕೊಂಡು ಒಳಗೆ ಓಡಬೇಕಿತ್ತು. ಸ್ವಾತಂತ್ರ್ಯ ಬಂದ ಮೂರು ವರ್ಷಕ್ಕೆ, ದಸರೆಯ ಸುಮಾರಿಗೆ, ಹುಬ್ಬಳ್ಳಿಯ ಹತ್ತಿ ವ್ಯಾಪಾರಿಯೊಬ್ಬರು ಮನೆಗೆ ಊಟಕ್ಕೆ ಬಂದವರು ಗೋವೆ ನೋಡಿ ಬಂದ ಕಥೆ ಹೇಳಿದರು. ಪೋರ್ಚುಗೀಸರ ರಾಜ್ಯ, ಬೇರೆ ಪೊಲೀಸು, ಬೇರೆ ನಾಣ್ಯ, ಎತ್ತ ನೋಡಿದರೂ ಸಮುದ್ರ. ಅವರು ಕೈ ತೊಳೆಯುವಷ್ಟರಲ್ಲಿ ಮಾವ ತೀರ್ಮಾನ ಮಾಡಿಯಾಗಿತ್ತು.

“ಲಾರಿಗೆ ಮನಿ ಕಟ್ಟೂನು. ಅದರಾಗ ಉಣ್ಣೂದು, ಅದರಾಗ ಮಲಗೂದು. ಭತ್ತ ಕೊಯ್ಲಿಗೆ ಬರೂದರಾಗ ಎಂಟು ದಿನ ಪರದೇಶ ನೋಡಿ ಬರೂನು.”

ಮರುದಿನವೇ ಬಡಿಗ ಬಂದ. ಗಂಡಸರ ಯೋಜನೆ ಹೇಗಿರುತ್ತದೆ ಎಂದು ನಾನು ಅಡುಗೆಮನೆಯ ಕಿಟಕಿಯಿಂದ ಚೆನ್ನಾಗಿ ನೋಡಿದೆ. ನನ್ನ ಗಂಡ, ಭಾವ, ಮಾವ ಮೂವರೂ ಲಾರಿಯ ಸುತ್ತ ಕೈಕಟ್ಟಿ ನಿಂತು ಮೂರು ದಿನ ಹಾರ್ನಿನ ಬಗ್ಗೆ ಮಾತಾಡಿದರು. ಘಟ್ಟದಲ್ಲಿ ಈ ಹಾರ್ನು ಸಾಕೋ ಇಲ್ಲವೋ ಎಂಬುದೇ ಅವರ ಚಿಂತೆ. ನೀರು ಎಲ್ಲಿಡಬೇಕು, ಒಲೆ ಎಲ್ಲಿ ಹೂಡಬೇಕು, ಒಂಬತ್ತು ಜನಕ್ಕೆ ರೊಟ್ಟಿ ಎಲ್ಲಿ ತಟ್ಟಬೇಕು ಎಂದು ಒಬ್ಬರೂ ಕೇಳಲಿಲ್ಲ.

ಅದನ್ನೆಲ್ಲ ಮಾಡಿದವಳು ಅಕ್ಕ. ನೆಗೆಣ್ಣಿಯನ್ನು ನಾನು ಅಕ್ಕ ಎಂದೇ ಕರೆಯುತ್ತಿದ್ದೆ. ಕರೂರಿನವಳು, ಅಕ್ಷರ ಬಾರದವಳು, ಆದರೆ ಕೈಯಲ್ಲಿ ಲೆಕ್ಕವಿದ್ದವಳು. ಗಂಡಸರು ಸಿರುಗುಪ್ಪಕ್ಕೆ ಹೋದ ಮಧ್ಯಾಹ್ನ ಸೆರಗು ಸಿಕ್ಕಿಸಿ ಲಾರಿ ಹತ್ತಿದಳು. ಗೇಣಿನಲ್ಲಿ ಅಳೆದಳು. ಆಮೇಲೆ ಕಾಲು ಮಡಚಿ ಕೂತು, ಹಿಟ್ಟಿಲ್ಲ ನೀರಿಲ್ಲ, ಬರಿಯ ಹಲಗೆಯ ಮೇಲೆ ಟಪಟಪ ರೊಟ್ಟಿ ತಟ್ಟಿದಳು. ಮೊಣಕೈ ಪಕ್ಕದ ಕಟ್ಟಿಗೆಗೆ ಬಡಿಯಿತು.

“ನೋಡಿದಿ? ಇಲ್ಲಿ ಒಂದು ಗೇಣು ಬಿಡಬೇಕು. ಇಲ್ಲಾಂದ್ರ ಗೋವಾ ಮುಟ್ಟೂದರಾಗ ನನ್ನ ಕೈ ಮುರೀತೈತಿ.”

ಒಲೆಗೆ ತಗಡಿನ ಗೂಡು, ನೀರಿನ ಡ್ರಮ್ಮಿಗೆ ಹಗ್ಗದ ಬಿಗಿ, ಹಲಗೆಯ ಕೆಳಗೆ ಖಾರದ ಡಬ್ಬಿಗಳ ಸಾಲು, ಎಲ್ಲ ಅವಳದೇ. ಬಡಿಗನಿಗೆ ಬಾಗಿಲ ಮರೆಯಿಂದ ಹೇಳಿ ಮಾಡಿಸಿದಳು. ಸಂಜೆ ಭಾವ ಬಂದು ನೋಡಿ, “ಬಡಿಗ ಶಾಣ್ಯಾ ಅದಾನ” ಎಂದರು. ಅಕ್ಕ ನಕ್ಕಳು. ನನಗೆ ಆ ನಗು ಕಂಡರೂ ಸಿಟ್ಟು ಬಂತು.

ಅವಳಿಗೆ ಬೇಕಾದದ್ದು ಶಾಣ್ಯಾತನದ ಹೆಸರಲ್ಲ, ಸಮುದ್ರ. ಕರೂರಿನಲ್ಲಿ ತುಂಗಭದ್ರೆ ತುಂಬಿ ಬಂದಾಗ ಆಚೆ ದಡ ಕಾಣದೆ ಹೋದ ಒಂದು ದಿನವನ್ನು ಅವಳು ಇನ್ನೂ ಹೇಳುತ್ತಿದ್ದಳು. “ತಂಗೀ, ಸಮುದ್ರಕ್ಕ ಆಚೀ ದಂಡೀನ ಇರೂದಿಲ್ಲಂತ, ಖರೇನ?” ಎಂದು ದಿನಕ್ಕೊಮ್ಮೆ ಕೇಳುವಳು. ನನ್ನ ಶಾಲೆಯ ಹಳೆಯ ನಕಾಶೆ ಬಿಚ್ಚಿ ನೀಲಿ ಬಣ್ಣದ ಮೇಲೆ ಬೆರಳಿಟ್ಟು ತೋರಿಸುತ್ತಿದ್ದೆ. ಹರಪನಹಳ್ಳಿ, ಹರಿಹರದ ಸೇತುವೆ, ಹುಬ್ಬಳ್ಳಿ, ಘಟ್ಟ, ಆಮೇಲೆ ನೀಲಿ. ಎಣ್ಣೆಯ ಸೀಸೆಯೊಂದನ್ನು ಅವಳು ಸೀಗೆಕಾಯಿ ಹಾಕಿ ತೊಳೆದು ಇಟ್ಟಿದ್ದಳು, ಕರೂರಿನಲ್ಲಿದ್ದ ತನ್ನ ಅವ್ವನಿಗೆ ಸಮುದ್ರದ ನೀರು ತರಲು. ಎಣ್ಣೆಯ ವಾಸನೆ ಹೋಗಲಿಲ್ಲವೆಂದು ದಿನವೂ ತೊಳೆಯುವಳು.

ಗಡಿ ದಾಟಬೇಕಾದರೆ ಲಾರಿಯಲ್ಲಿ ಕೂತವರೆಲ್ಲರ ಹೆಸರಿನ ಪಟ್ಟಿಯನ್ನು ಇಂಗ್ಲಿಷಿನಲ್ಲಿ ಬರೆದು, ಆ ಹತ್ತಿ ವ್ಯಾಪಾರಿಯ ಮೂಲಕ ಕಳಿಸಿ ಮೊದಲೇ ಒಪ್ಪಿಗೆ ತರಿಸಬೇಕಿತ್ತು. ಮನೆಯಲ್ಲಿ ಇಂಗ್ಲಿಷು ನೆಟ್ಟಗೆ ಬರೆಯಬಲ್ಲವಳು ನಾನೊಬ್ಬಳೇ. ಒಂದು ಬೆಳಿಗ್ಗೆ ಎರಡು ಸಲ ಕೆಮ್ಮು ಕೇಳಿತು. ಹೋದೆ. ಮಾವ ಮಂಚದ ಮೇಲೆ, ನಾನು ಕೆಳಗೆ ಚಾಪೆಯ ಮೇಲೆ, ಮುಂದೆ ಮಣೆ, ಕಾಗದ, ಪೆನ್ನು.

ಮೊದಲು ತಮ್ಮ ಹೆಸರು ಹೇಳಿದರು. ಆಮೇಲೆ ಇಬ್ಬರು ಗಂಡುಮಕ್ಕಳದು. ನನ್ನ ಗಂಡನ ಹೆಸರನ್ನು ನಾನು ಬಾಯಲ್ಲಿ ಹೇಳುವಂತಿರಲಿಲ್ಲ, ಬರೆಯಲು ಅಡ್ಡಿ ಇರಲಿಲ್ಲ. ಆಮೇಲೆ ಇಬ್ಬರು ಹೆಣ್ಣುಮಕ್ಕಳು, ಅಂದರೆ ನನ್ನ ನಾದಿನಿಯರು, ಮತ್ತು ಅಕ್ಕನ ಮಗ. ಅತ್ತೆಯ ಹೆಸರಿಗೆ ಅಡುಗೆಮನೆಯ ಕಡೆ ಗದ್ದ ಎತ್ತಿ, “ಆಕೀದು ಬರಿ” ಎಂದರು. ಬರೆದೆ. ಏಳಾಯಿತು.

ಆಮೇಲೆ ಅವರು ಕೆಮ್ಮಿದರು, ಒಂದು ಸಲ.

ನಾನು ತಲೆ ಎತ್ತಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಎರಡು ಸಲ ಕೆಮ್ಮಿದರು. ನನಗೆ ಅರ್ಥವಾಗಲಿಲ್ಲವೆಂದು ಹೇಳಿದರೆ ಅದು ಶುದ್ಧ ಸುಳ್ಳು. ಮೂರು ವರ್ಷ ಆ ಕೆಮ್ಮಿಗೆ ಎದ್ದು ಓಡಿದವಳು ನಾನು. ಆದರೆ ಅವತ್ತು ಎದೆಯಲ್ಲಿ ಹಟವೊಂದು ಕೂತುಬಿಟ್ಟಿತು. ಗೋವೆಯ ದೊರೆಗೆ ಕೆಮ್ಮನ್ನು ಇಂಗ್ಲಿಷಿನಲ್ಲಿ ಹೇಗೆ ಬರೆದು ಕಳಿಸಲಿ? ಒಂದು ಸಲ, ಒಂದೇ ಒಂದು ಸಲ, ಈ ಮನುಷ್ಯ ಬಾಯಿಬಿಟ್ಟು ನಮ್ಮ ಹೆಸರು ಹೇಳಲಿ. ಹೇಳುವವರೆಗೆ ಬರೆಯುವುದಿಲ್ಲ ಎಂದುಕೊಂಡೆ.

ಎರಡು ಸಾಲು ಖಾಲಿ ಬಿಟ್ಟೆ. ಸಹಿ ಹಾಕುವಾಗ ಅವರು ಕೇಳಿಯೇ ಕೇಳುತ್ತಾರೆ ಎಂಬ ಧೈರ್ಯ ನನಗಿತ್ತು. ಅವರು ಕಾಗದ ತೆಗೆದುಕೊಂಡು, ನಾನು ಬೆರಳಿಟ್ಟು ತೋರಿಸಿದ ಜಾಗದಲ್ಲಿ ಸಹಿ ಹಾಕಿ, “ಅಂಚಿಗಿ ಹಾಕಾಕ ಹೇಳು” ಎಂದು ಎದ್ದು ಹೋದರು. ಅವರಿಗೆ ಇಂಗ್ಲಿಷು ಬಾರದು ಎಂಬುದು ನನ್ನ ಹಟಕ್ಕೆ ಹೊಳೆದಿರಲಿಲ್ಲ. ಗಂಡ ಪಟ್ಟಿಯನ್ನು ಬಿಡಿಸಿಯೂ ನೋಡದೆ ಲಕೋಟೆಗೆ ತುರುಕಿ ಒಯ್ದರು.

ಅವತ್ತು ಮಧ್ಯಾಹ್ನವೇ ಬಾಯಿ ಬಿಡಬಹುದಿತ್ತು, ಮರುದಿನವಾದರೂ ಬಿಡಬಹುದಿತ್ತು. ಒಂದು ತಿಂಗಳು ಸಮಯವಿತ್ತು. ಕೇಳಲಿ, ಆಗ ಹೇಳುತ್ತೇನೆ ಎಂದು ಕಾದೆ. ಅಕ್ಕ ತಿಂಗಳಾದರೂ ಕೆಡದ ಕಟಕ ರೊಟ್ಟಿ ಮಾಡಿ ಬಿದಿರು ಬುಟ್ಟಿಗೆ ತುಂಬಿದಳು, ಶೇಂಗಾ ಚಟ್ನಿ ಕುಟ್ಟಿದಳು, ಸೀಸೆ ತೊಳೆದಳು. ಅವಳ ಪಕ್ಕದಲ್ಲೇ ಕೂತು ನಾನೂ ಕುಟ್ಟಿದೆ. ನನ್ನ ಹೆಸರಿನ ಮಾನಕ್ಕಾಗಿ ಅವಳ ಹೆಸರನ್ನೂ ಪಣಕ್ಕಿಟ್ಟಿದ್ದೇನೆ ಎಂದು ಅವಳಿಗೆ ಹೇಳಲಿಲ್ಲ.

ಒಪ್ಪಿಗೆ ಬಂತು. ಹುಬ್ಬಳ್ಳಿಯ ವ್ಯಾಪಾರಿಯೇ ತಂದು, ಪಡಸಾಲೆಯಲ್ಲಿ ಕನ್ನಡದಲ್ಲಿ ಓದಿ ಹೇಳಿದರು. ಏಳು ಹೆಸರು ಓದಿ ಮಡಿಸಿದರು.

ಮಾವನ ಮುಖ ಕೆಂಪಾಯಿತು. ನನ್ನನ್ನು ನೋಡದೆ, ಅತ್ತೆಯ ಕಡೆ ತಿರುಗಿ ಗದರಿದರು. “ಸೊಸಿಂದಿರ ಹೆಸರು ನಾ ಬಾಯಿಲೆ ಹೇಳಬೇಕಾಗಿತ್ತೇನು? ಬರಿಯಾಕ ಕುಂತಾಕಿಗೆ ತನ್ನ ಹೆಸರು ಗೊತ್ತಿಲ್ಲೇನು?”

ಮತ್ತೆ ಬರೆದು ಕಳಿಸಿದರೆ ಇನ್ನೊಂದು ತಿಂಗಳು. ಅಷ್ಟರಲ್ಲಿ ಭತ್ತ ಬರುತ್ತದೆ. ಹೊರಡುವ ದಿನವನ್ನು ಮುಂದಿನ ವರ್ಷಕ್ಕೆ ಹಾಕೋಣ ಎಂದು ಯಾರಾದರೂ ಅನ್ನುತ್ತಾರೇನೋ ಎಂದು ನೋಡಿದೆ. ಭಾವ ಹಾರ್ನು ಒರೆಸುತ್ತಿದ್ದರು. ನನ್ನ ಗಂಡ ನೆಲ ನೋಡುತ್ತಿದ್ದರು. ಅತ್ತೆ, “ಹೋಗ್ಲಿ ಬಿಡು, ಎಮ್ಮಿ ಹಿಂಡಾಕ, ಮನಿ ಕಾಯಾಕ ಯಾರರೆ ಬೇಕಾಗಿತ್ತು” ಎಂದರು. ಎಲ್ಲರ ಮುಖವೂ ಹಗುರಾಯಿತು. ನಾವಿಲ್ಲದಿದ್ದರೆ ಆಗುವ ಒಂದೇ ತೊಂದರೆಯೆಂದರೆ ರೊಟ್ಟಿಯದು; ಅದನ್ನು ಮೊದಲೇ ಮಾಡಿಟ್ಟಿದ್ದೆವಲ್ಲ.

ಲಾರಿಗೆ ವಿಭೂತಿ ಬಳಿದು, ಕಾಯಿ ಒಡೆದು, ಒಂದು ಸೋಮವಾರ ಬೆಳಿಗ್ಗೆ ಹೊರಟರು. ಅಕ್ಕ ಅಳಲಿಲ್ಲ. ಒಲೆಯ ಗೂಡಿನ ಕೀಲಿ ಹೇಗೆ ಹಾಕಬೇಕೆಂದು ನಾದಿನಿಯರಿಗೆ ತೋರಿಸಿದಳು, ಮಗನ ತಲೆ ಬಾಚಿದಳು, ಸೀಸೆಯನ್ನು ಭಾವನ ಕೈಗೆ ಕೊಟ್ಟಳು. ಲಾರಿ ಓಣಿ ತಿರುಗುವವರೆಗೆ ನಿಂತಿದ್ದು ಒಳಗೆ ಬಂದು ಎಮ್ಮೆಗೆ ಹೊಟ್ಟು ಹಾಕಿದಳು. ಎಂಟು ದಿನ ಮನೆಯಲ್ಲಿ ಇಬ್ಬರೇ. ಎಂಟು ದಿನವೂ ಅವಳು ಏನಾದರೂ ಕೇಳುತ್ತಾಳೆಂದು ಹೆದರಿದ್ದೆ. ಕೇಳಲಿಲ್ಲ. ನಕಾಶೆಯನ್ನೂ ಕೇಳಲಿಲ್ಲ.

ಅವರು ಕಪ್ಪಗಾಗಿ, ಗಲಗಲ ಮಾತಾಡುತ್ತ ಬಂದರು. ಭಾವ ಸೀಸೆಯನ್ನು ಮರೆತಿರಲಿಲ್ಲ. ಅಕ್ಕ ಅದನ್ನು ಹಿತ್ತಲಿಗೆ ಒಯ್ದು, ಬಿಸಿಲಿಗೆ ಹಿಡಿದು ನೋಡಿ, ಅಂಗೈಗೆ ಒಂದು ಹನಿ ಹಾಕಿಕೊಂಡು ನೆಕ್ಕಿದಳು.

“ಎಣ್ಣೀ ವಾಸನಿ ಹೋಗಿಲ್ಲ” ಎಂದಳು.

ನಾನು ಬಾಯಿ ತೆರೆದೆ. ಅವರು ಹೆಸರು ಹಿಡಿಯಲೆಂದು ಕಾದೆ, ನಿನ್ನ ಹೆಸರಿಗೂ ಸೇರಿಸಿಯೇ ಕಾದೆ, ಎರಡು ಸಾಲು ಬಿಟ್ಟಿದ್ದೆ ಎಂದು ಹೇಳಬೇಕೆಂದಿದ್ದೆ. ಅವಳು ಬಿರಡೆ ಹಾಕುತ್ತ, ನನ್ನನ್ನು ನೋಡದೆ ಹೇಳಿದಳು.

“ಅವತ್ತು ನಾ ಬಾಗಿಲ ಹಿಂದ ನಿಂತಿದ್ದೆ, ತಂಗೀ. ಮೊದಲು ಒಂದು ಸಲ ಕೆಮ್ಮಿದ್ರು. ನನ್ನ ಹೆಸರು ಬರದಿ ಅನ್ಕೊಂಡು ಒಳಗ ಹೋದೆ.”

ಪಡಸಾಲೆಯಿಂದ ಕೆಮ್ಮು ಕೇಳಿತು, ಎರಡು ಸಲ. ನಾನು ತಂಬಿಗೆಯಲ್ಲಿ ನೀರು ತುಂಬಿಕೊಂಡು ಹೋದೆ.