ಚರಗ ಬೀಳದ ಮೂಲೆ

ನನಗೆ ಅರ್ಧಂಬರ್ಧ ಕೆಲಸ ಕಂಡರೆ ಮೈ ಉರಿಯುತ್ತದೆ. ಎಳ್ಳಮಾವಾಸ್ಯೆಗೆ ಅವ್ವ ಕಮಲಾಪುರದ ನಮ್ಮ ಹೊಲದಲ್ಲಿ ಚರಗ ಚೆಲ್ಲುತ್ತಿದ್ದಳು. ಭಜ್ಜಿ, ಕಡುಬು, ಸಜ್ಜೆರೊಟ್ಟಿ ಕಲಸಿ ಬೆಳೆಗೆ ಉಣಿಸುತ್ತ ಹೊಲವೆಲ್ಲ ಸುತ್ತಿದರೂ ಬಾಳೆಯ ಪಕ್ಕದ ಒಂದು ಮೂಲೆ ಮಾತ್ರ ಬಿಟ್ಟೇ ಬರುತ್ತಿದ್ದಳು. ‘ಆ ಮೂಲಿ ಏನ್ ಪಾಪ ಮಾಡ್ಯಾದ ಯವ್ವಾ, ಉಪಾಸ ಯಾಕ ಕೆಡವ್ತಿ?’ ಎಂದು ಛೇಡಿಸುತ್ತಿದ್ದೆ. ಅವಳು ಮಾತು ತಪ್ಪಿಸಿ ಬದುವಿನ ಮೇಲೆ ಕೂತುಬಿಡುತ್ತಿದ್ದಳು. ಕಾಲುನೋವಿರಬೇಕೆಂದು ಬುಟ್ಟಿಯ ತಳ ಬಳಿದು ನಾನೇ ಅಲ್ಲಿ ಚೆಲ್ಲುತ್ತಿದ್ದೆ. ಎಷ್ಟೋ ವರ್ಷ ಹೀಗೇ ನಡೆಯಿತು.

ಅವಳು ಮಾತಾಡದ ಇನ್ನೊಂದು ವಿಷಯ ನನ್ನ ಅಕ್ಕ. ನಾನು ಹುಟ್ಟುವ ಮೊದಲೇ ನೀರಿಗೆಂದು ಹೋದವಳು ಬಾವಿಗೆ ಬಿದ್ದಳಂತೆ. ಯಾವ ಬಾವಿ ಎಂದು ಕೇಳಿದರೆ ಅಪ್ಪ ಎದ್ದು ಹೋಗುತ್ತಿದ್ದ.

ಈ ಸಲ ದೀಪಾವಳಿ ಮುಗಿದ ಮೇಲೆ ಕಲಬುರಗಿಯ ಜಗತ್ ಸರ್ಕಲ್ ಕಡೆಯ ರದ್ದಿ ಅಂಗಡಿಯಲ್ಲಿ ಹಳೆಯ ಪುಸ್ತಕ ಕೆದಕುತ್ತಿದ್ದೆ. ಅಂಗಡಿಯವರು ಮಡಿಚಿದ ಹಾಳೆಯೊಂದನ್ನು ಮುಂದಿಟ್ಟರು. ‘ನಿಮ್ ಕಮಲಾಪುರದ್ ನಕ್ಷಾ ರೀ ಸರ್. ನಾವ್ ನೀವ್ ಪೈದಾ ಆಗೋಕಿಂತ ಮೊದಲಿಂದು.’

ಸರ್ವೆಯವರ ನಕ್ಷೆ. ದಿಬ್ಬಗಳಿಗೆ ಕಂದು ಗೆರೆ, ಹಳ್ಳಕ್ಕೆ ನೀಲಿ. ಹಳ್ಳದ ತಿರುವು ಹಿಡಿದು ನಮ್ಮ ಹೊಲ ಹುಡುಕಿದೆ. ಅವ್ವ ಬಿಡುತ್ತಿದ್ದ ಮೂಲೆಯಲ್ಲಿ ಒಂದು ಪುಟ್ಟ ನೀಲಿ ಉಂಗುರವಿತ್ತು. ಅದು ಬಾವಿಯ ಗುರುತು. ನಾನು ಕಂಡಾಗಿನಿಂದ ಅಲ್ಲಿ ಬರೀ ನೆಲವಿತ್ತು. ದುಡ್ಡು ಕೊಟ್ಟು ನಕ್ಷೆ ಮಡಿಚಿಕೊಂಡೆ.

ಮರುದಿನ ಅವ್ವನ ಮುಂದೆ ನಕ್ಷೆ ಹರಡಿ ಉಂಗುರ ತೋರಿಸಿದೆ. ಅವಳು ಅದರ ಮೇಲೆ ಬೆರಳಿಟ್ಟಳು.

‘ನಿಮ್ಮಪ್ಪ ಮುಚ್ಚಿಸಿದ. ಮೂರ್ ದಿನ ನೀರ್ ಎತ್ತಿಸಿದ್ರು. ಕೊಡ ಸಿಕ್ತು, ಆಕಿ ಸಿಗಲಿಲ್ಲ.’

‘ಮತ್ತ ಅಲ್ಲಿ ಚರಗ ಯಾಕ ಚೆಲ್ಲಲಿಲ್ಲ?’

‘ಅಲ್ಲಿ ಎಡಿ ಇಟ್ರ, ಸತ್ತಾಳ ಅಂತ ನಾನೇ ಒಪ್ಪಿದಂಗ ಆಗ್ತಿತ್ತು. ಎಲ್ಲರೆ ಇರ್ತಾಳ, ಬರ್ತಾಳ ಅಂತ ಕಾಯ್ತಿದ್ದೆ.’

‘ನಾ ಚೆಲ್ಲೂಮುಂದ ಒಂದ್ ಮಾತ್ ಬ್ಯಾಡ ಅನ್ನಬಾರದಿತ್ತಾ?’

‘ನಿನಗೇನ್ ಗೊತ್ತಿತ್ತು. ನೀ ಚೆಲ್ಲಿದ ಮೊದಲ್ನೇ ವರ್ಷ ಮನಿಗಿ ಬಂದು ಬಾಗಲಾ ಹಾಕ್ಕೊಂಡೆ. ಆವತ್ತಿನ ತನಕ ಆಕಿ ಬರ್ತಾಳಂತ ಹಗಲೆಲ್ಲ ತೆರೆದೇ ಇಡ್ತಿದ್ದೆ.’

ನನಗೆ ನನ್ನ ಮೇಲೇ ಹೇಸಿಗೆಯಾಯಿತು. ಎಲ್ಲ ಸರಿ ಮಾಡಹೊರಟ ನಾನು ಅವ್ವನನ್ನು ಕೇಳದೆಯೇ ಅಕ್ಕನ ತಿಥಿ ಮಾಡಿ ಮುಗಿಸಿದ್ದೆ.

ಮೊನ್ನೆ ಎಳ್ಳಮಾವಾಸ್ಯೆಗೆ ಆ ಮೂಲೆಯ ಹತ್ತಿರ ಬಂದಾಗ ನನ್ನ ಕೈ ಏಳಲಿಲ್ಲ. ಅವ್ವ ಬುಟ್ಟಿ ಇಸಿದುಕೊಂಡಳು. ಒಬ್ಬಳೇ ಒಳಗೆ ನಡೆದು, ಕಷ್ಟಪಟ್ಟು ಬಗ್ಗಿ, ಒಂದು ಕಡುಬು ಇಟ್ಟಳು.

‘ಉಣ್ಣು ಮಗಳ,’ ಎಂದಳು.