ಅವರು ಆರಿಸದೆ ಹೋದ ಕಂಪ್ಯೂಟರ್

ಬೋಡಿನಾಯಕನೂರಿನಿಂದ ನಮ್ಮ ಏಲಕ್ಕಿ ತೋಟಕ್ಕೆ ಹತ್ತುವ ಘಾಟಿಯಲ್ಲಿ ನಮ್ಮ ಹಳೆಯ ಕಾರು ಯಾವಾಗಲೂ ಏದುಸಿರು ಬಿಡುತ್ತಿತ್ತು. ಹಿಂದಿನ ಸೀಟಿನಲ್ಲಿ ಅತ್ತೆ, ಡಿಕ್ಕಿಯಲ್ಲಿ ಗೊಬ್ಬರದ ಮೂಟೆ ಇದ್ದರಂತೂ ಜೀಪುಗಳವರು ಹಿಂದಿನಿಂದ ಹಾರನ್ ಹೊಡೆದು ಹೊಡೆದು ಸುಸ್ತಾಗುತ್ತಿದ್ದರು. ಅದಕ್ಕೇ ನನ್ನ ಯಜಮಾನರು ಅದರ ಇಂಜಿನ್ನಿಗೆ ಸೂಪರ್‌ಚಾರ್ಜರ್ ಕೂರಿಸಿದರು. ಬೆಲ್ಟಿನಿಂದ ತಿರುಗುತ್ತಾ, ಇಂಜಿನ್ ತಾನಾಗಿ ಎಳೆದುಕೊಳ್ಳುವುದಕ್ಕಿಂತ ಹೆಚ್ಚು ಗಾಳಿಯನ್ನು ಅದರೊಳಗೆ ತುರುಕುವ ಪಂಪು ಅದು. ಆಮೇಲೆ ಕಾರು ಸಣ್ಣಗೆ ಸೀಟಿ ಹಾಕುತ್ತಾ ಹತ್ತತೊಡಗಿತು.

ಗಾಳಿ ಹೆಚ್ಚಿದರೆ ಪೆಟ್ರೋಲೂ ಹೆಚ್ಚಬೇಕು, ಕಿಡಿ ಹಾರುವ ಹೊತ್ತೂ ಬದಲಾಗಬೇಕು. ಕಾರಿನ ಹಳೆಯ ಕಂಪ್ಯೂಟರಿಗೆ ಈ ಹೊಸ ಗಾಳಿಯ ಲೆಕ್ಕ ಗೊತ್ತಿರಲಿಲ್ಲ. ಅದನ್ನು ಸರಿಮಾಡಲು ಎರಡು ದಾರಿ ಇವೆ ಎಂದು ಅವರು ಹೇಳುತ್ತಿದ್ದರು. ಹಳೆಯದನ್ನು ಉಳಿಸಿಕೊಂಡು, ಅದಕ್ಕೆ ಸುಳ್ಳು ಹೇಳಿ ಹೆಚ್ಚು ಪೆಟ್ರೋಲ್ ಬಿಡಿಸುವ ಸಣ್ಣ ಪೆಟ್ಟಿಗೆ ಒಂದು. ಹಳೆಯದನ್ನು ಕಿತ್ತುಹಾಕಿ ಎಲ್ಲವನ್ನೂ ತಾನೇ ನಡೆಸುವ ಪೂರಾ ಕಂಪ್ಯೂಟರ್ ಇನ್ನೊಂದು. ಇಡ್ಲಿ ತಿನ್ನುವಾಗ ನನ್ನನ್ನೇ ಕೇಳುವರು, ಯಾವುದು ಹಾಕೋಣ ಎಂದು. ನಾನೇನು ಹೇಳಲಿ? ಅವರಿಗೂ ನನ್ನ ಉತ್ತರ ಬೇಕಿರಲಿಲ್ಲ, ಕೇಳುತ್ತಾ ಇರುವುದೇ ಇಷ್ಟ. ಒಂದು ಬೆಳಿಗ್ಗೆ ಎದೆನೋವೆಂದು ತೇನಿಯ ಆಸ್ಪತ್ರೆಗೆ ಹೋದವರು ಹಿಂದಿರುಗಲಿಲ್ಲ. ಆ ಪ್ರಶ್ನೆ ಮಾತ್ರ ಮನೆಯಲ್ಲಿ ಉಳಿಯಿತು.

ಕೆಲವು ತಿಂಗಳಾದ ಮೇಲೆ ನಾನೇ ಕಾರನ್ನು ತೋಟಕ್ಕೆ ಹತ್ತಿಸಿದೆ. ಮೂರನೆಯ ತಿರುವು ದಾಟಿದ್ದೇ ಇಂಜಿನ್ನಿನೊಳಗಿಂದ ಒಣ ಏಲಕ್ಕಿಯನ್ನು ಜರಡಿಯಲ್ಲಿ ಆಡಿಸಿದಂಥ ಸದ್ದು ಬಂತು. ಆಕ್ಸಿಲರೇಟರ್ ಮೇಲಿನ ಕಾಲು ಸಡಿಲಿಸಿದರೆ ಸದ್ದು ನಿಂತಿತು, ಒತ್ತಿದರೆ ಮತ್ತೆ ಬಂತು. ನಾನು ದಿನವಿಡೀ ಜರಡಿಯ ಮುಂದೆ ಕೂತು ಕಾಯಿ ವಿಂಗಡಿಸುವವಳು. ಅಂದಿನಿಂದ ಕೆಲಸದಲ್ಲೂ ನನಗೆ ಇಂಜಿನ್ನೇ ಕೇಳಿಸತೊಡಗಿತು. ಪಕ್ಕದವಳು ಜರಡಿ ಆಡಿಸಿದರೆ ನನ್ನ ಬಲಗಾಲು ತಾನಾಗಿ ಮೇಲೇಳುತ್ತಿತ್ತು.

ಕಾರನ್ನು ದಿಂಡಿಗಲ್ಲಿಗೆ ಒಯ್ದೆ. ಬತ್ತಲಗುಂಡು ದಾಟುವವರೆಗೂ ರೇಡಿಯೋ ಹಾಕಲಿಲ್ಲ, ಕಿಟಕಿ ಇಳಿಸಿ ಕಿವಿಗೊಟ್ಟೇ ಓಡಿಸಿದೆ. ಸೂಪರ್‌ಚಾರ್ಜರ್ ಕೂರಿಸುವಾಗ ಯಜಮಾನರ ಜೊತೆ ಕೈಹಾಕಿದ್ದ ಮೆಕ್ಯಾನಿಕ್ ಅಲ್ಲಿಯವರು, ಮನೆಮಾತು ನಮ್ಮ ಹಾಗೇ ತಮಿಳು ಬೆರೆತ ಕನ್ನಡವಾದ್ದರಿಂದ ನಾನು ಅವರನ್ನು ಅಣ್ಣಾ ಎಂದೇ ಕರೆಯುವುದು. ಪೆಟ್ರೋಲ್ ಸಾಲದೆ ಒಳಗೆ ಬೆಂಕಿ ಹೊತ್ತಲ್ಲದ ಹೊತ್ತಿಗೆ ಸಿಡಿಯುತ್ತಿದೆ, ಇಷ್ಟು ದಿನ ತಡೆದದ್ದೇ ಹೆಚ್ಚು, ಹೀಗೇ ಬಿಟ್ಟರೆ ಪಿಸ್ಟನ್ ತೂತಾಗುತ್ತದೆ, ಘಾಟಿಯ ತಿರುವಿನಲ್ಲೇ ಇಂಜಿನ್ ನಿಂತರೂ ನಿಲ್ಲಬಹುದು ಎಂದರು. ಸೂಪರ್‌ಚಾರ್ಜರನ್ನೇ ತೆಗೆದುಬಿಡಲೇ ಎಂದೂ ಕೇಳಿದರು. ಬೇಡ ಎಂದು ನಾನು ಎಷ್ಟು ಬೇಗ ಅಂದೆನೆಂದರೆ ಅವರು ಆ ಮಾತನ್ನು ಮತ್ತೆ ಎತ್ತಲಿಲ್ಲ.

ಹಾಗಾದರೆ ಯಾವ ಕಂಪ್ಯೂಟರ್? ಅವರೂ ಹೊಯ್ದಾಡಿದರು. ಸಣ್ಣ ಪೆಟ್ಟಿಗೆ ಬಯಲು ರಸ್ತೆಗೆ ಸಾಕು, ಘಾಟಿಯಲ್ಲಿ ಅದರ ಸುಳ್ಳು ಎಷ್ಟು ದೂರ ನಡೆಯುತ್ತದೋ ಹೇಳಲಾರೆ ಎಂದರು. ಪೂರಾ ಕಂಪ್ಯೂಟರಿಗೆ ಇಂಜಿನ್ನಿಗೆ ಅಂಟಿಸುವ ಒಂದು ಕಿವಿ ಇರುತ್ತದಂತೆ. ಆ ಸಿಡಿತ ಕೇಳಿಸಿದ ಕೂಡಲೇ ತಾನೇ ಕಿಡಿಯನ್ನು ತುಸು ತಡವಾಗಿ ಹಾರಿಸುತ್ತದಂತೆ. ಆದರೆ ಅದಕ್ಕೆ ಒಳಗಿನ ವೈರುಗಳನ್ನೆಲ್ಲ ಕಿತ್ತು ಹೊಸದಾಗಿ ಎಳೆಯಬೇಕು.

ಬಾನೆಟ್ ತೆರೆದೇ ಇತ್ತು. ಒಂದೊಂದು ವೈರಿನ ಗಂಟಿಗೂ ಯಜಮಾನರು ಕಪ್ಪು ಟೇಪನ್ನು ಬಿಗಿಯಾಗಿ ಸುತ್ತಿ, ತುದಿಯನ್ನು ಒಳಗೆ ಮಡಚಿದ್ದರು. ಹಪ್ಪಳದ ಡಬ್ಬಿಗೆ ಕಟ್ಟುವ ದಾರದ ತುದಿಯನ್ನೂ ಅವರು ಹೀಗೇ ಒಳಗೆ ಸಿಕ್ಕಿಸುತ್ತಿದ್ದುದು. ಸಣ್ಣ ಪೆಟ್ಟಿಗೆಯಾದರೆ ಇದೆಲ್ಲ ಹಾಗೇ ಉಳಿಯುತ್ತದೆ. ಯೋಚಿಸಿ ಹೇಳುತ್ತೇನೆ ಎಂದು ಬಂದುಬಿಟ್ಟೆ.

ಯೋಚನೆ ಮುಗಿಯಲಿಲ್ಲ. ವರ್ಷದ ತಿಥಿ ಹತ್ತಿರ ಬರುತ್ತಿತ್ತು. ಆ ದಿನ ತೋಟದ ಬಂಡೆಯ ಮೇಲೆ ಮಗನಿಗೆ ಎಡೆ ಇಡಬೇಕು, ಅವನ ಕಾರಿನಲ್ಲೇ ಹೋಗಬೇಕು ಎಂದು ಅತ್ತೆ ಹಟ ಹಿಡಿದಿದ್ದರು. ಜೀಪಿನಲ್ಲಿ ಹೋಗೋಣವೆಂದರೆ ಕಿವಿಗೇ ಹಾಕಿಕೊಳ್ಳರು. ಪಿಸ್ಟನ್ ಉಳಿಸಲೋ, ಯಜಮಾನರ ಕೈಗೆಲಸ ಉಳಿಸಲೋ ಎಂದು ನಾನು ಊಟ ಬಿಟ್ಟು ಕೂರುವುದನ್ನು ನೋಡಿ ನೋಡಿ, ಕೊನೆಗೆ ಅತ್ತೆಯೇ ಹೂ ಕೇಳೋಣ ಎಂದರು.

ಮದುವೆಯಾಗಲಿ, ಹೊಲ ಮಾರುವುದಾಗಲಿ, ಮನಸ್ಸು ಎರಡಾದರೆ ನಮ್ಮಲ್ಲಿ ಹೂ ಕೇಳುತ್ತಾರೆ. ಒಂದು ಎಲೆಯ ಪೊಟ್ಟಣದಲ್ಲಿ ಬಿಳಿ ಹೂ, ಇನ್ನೊಂದರಲ್ಲಿ ಕೆಂಪು ಇಟ್ಟು ದೇವರ ಮುಂದೆ ಹಾಕಿ, ಕಣ್ಣು ಮುಚ್ಚಿ ಒಂದನ್ನು ಎತ್ತುವುದು. ಬಿಳಿ ಬಂದರೆ ಪೂರಾ ಕಂಪ್ಯೂಟರ್, ಕೆಂಪು ಬಂದರೆ ಸಣ್ಣ ಪೆಟ್ಟಿಗೆ ಎಂದು ಅತ್ತೆ ಗೊತ್ತುಮಾಡಿ, ಪೊಟ್ಟಣಗಳನ್ನೂ ತಾವೇ ಕಟ್ಟಿದರು. ಕೆಂಪು ಬರಲಿ ಎಂದು ಬೇಡಿಕೊಂಡೇ ಎತ್ತಿದೆ. ಮಲ್ಲಿಗೆ ಬಂತು. ಇನ್ನೊಂದು ಪೊಟ್ಟಣವನ್ನು ಬಿಚ್ಚುವ ಪದ್ಧತಿಯಿಲ್ಲ.

ಮರುದಿನ ದೇವರ ಗೂಡು ಒರೆಸುವಾಗ ಆ ಪೊಟ್ಟಣ ಕೈಗೆ ಸಿಕ್ಕಿತು. ನೂಲು ಸಡಿಲವಾಗಿತ್ತು. ಅದರಲ್ಲಿದ್ದುದೂ ಮಲ್ಲಿಗೆಯೇ.

ಅದನ್ನು ಅಂಗೈಯಲ್ಲಿ ಹಿಡಿದುಕೊಂಡು ಅಡುಗೆಮನೆಗೆ ಹೋದೆ. ಅತ್ತೆ ನೋಡಿದರು, ನಾಚಲಿಲ್ಲ. ಸಾಸಿವೆ ಡಬ್ಬಿಯ ಮುಚ್ಚಳ ಹಾಕುತ್ತಾ ಹೇಳಿದರು, "ಸಾಮಿಗೆ ವಂಡಿ ವಿಷ್ಯ ಏನ್ ಗೊತ್ತು ಕಣ್ಣು?" ಕಾರು ಅವರ ಬಾಯಲ್ಲಿ ಯಾವಾಗಲೂ ವಂಡಿ, ಮುದ್ದು ಬಂದಾಗ ನಾನು ಕಣ್ಣು.

ನನಗೆ ನಗು ಬಂತು, ಜೊತೆಗೆ ಸಿಟ್ಟೂ ಬಂತು. ಅವರು ಕಟ್ಟಿದ ವೈರೆಲ್ಲ ಹೋಗುತ್ತದಲ್ಲ ಅತ್ತೆ ಎಂದೆ.

"ಹೋದ್ರೆ ಹೋಗ್ಲಿ. ಅವನ್ ಕಟ್ಟಿದ್ದು ನಾವ್ ಮಲೆ ಹತ್ಲಿ ಅಂತ. ನೀ ಹತ್ತಿ, ಇಳ್ದೂ ಬರ್ಬೇಕು. ಇನ್ನೊಂದ್ ಸಾವು ನನ್ ಕೈಲಾಗಲ್ಲ ತಾಯಿ."

ಅದೇ ವಾರ ದಿಂಡಿಗಲ್ಲಿಗೆ ಹೋಗಿ ಪೂರಾ ಕಂಪ್ಯೂಟರನ್ನೇ ಹಾಕಿ ಎಂದೆ. ವೈರು ಕೀಳುವಾಗ ಹೊರಗೆ ಚಹಾ ಅಂಗಡಿಯ ಹತ್ತಿರ ನಿಂತಿದ್ದೆ. ಜೋಡಿಸಿದ ಮೇಲೆ ಮೆಕ್ಯಾನಿಕ್ ಲ್ಯಾಪ್‌ಟಾಪ್ ಹಿಡಿದು ಮುಂದಿನ ಸೀಟಿನಲ್ಲಿ ಕೂತು ಕೇಳಿದರು, "ತಂಗಚ್ಚಿ, ಇನ್ನು ವಂಡಿ ಓಟೋದು ಯಾರು?"

"ನಾನೇ ಓಡಿಸೋದು, ಅಣ್ಣಾ."

ಹಾಗಾದರೆ ಗಾಳಿಯ ಒತ್ತಡ ಸ್ವಲ್ಪ ಇಳಿಸುತ್ತೇನೆ, ಪೆಟ್ರೋಲನ್ನು ಒಂದು ಕೈ ಹೆಚ್ಚೇ ಬಿಡುತ್ತೇನೆ ಎಂದರು. ಯಜಮಾನರು ಒತ್ತುತ್ತಿದ್ದ ಹಾಗೆ ನಾನು ಆಕ್ಸಿಲರೇಟರ್ ಒತ್ತುವುದಿಲ್ಲ ಎಂದು ಅಣ್ಣನಿಗೆ ಗೊತ್ತು. ಅದು ನನ್ನ ಕಾಲಿಗೆ ತಕ್ಕ ಕಾರಾಗುವುದನ್ನು ನೋಡುತ್ತಾ ಕೂತೆ. ಕಣ್ಣು ತುಂಬಿತು, ಆದರೆ ನಿಲ್ಲಿಸಿ ಎನ್ನಲಿಲ್ಲ.

ತಿಥಿಯ ಬೆಳಿಗ್ಗೆ ಅತ್ತೆ ಹಿಂದೆ ಕೂತರು, ತೊಡೆಯ ಮೇಲೆ ಎಡೆಯ ಬುಟ್ಟಿ. ಮೂರನೆಯ ತಿರುವು ಬಂದಾಗ ಕಿಟಕಿ ಇಳಿಸಿದೆ. ಸೀಟಿ ಇತ್ತು, ಮೊದಲಿಗಿಂತ ಮೆತ್ತಗೆ. ಜರಡಿಯ ಸದ್ದು ಇರಲಿಲ್ಲ. ಇಲ್ಲವೆಂದು ನಂಬದೆ ಪ್ರತಿ ತಿರುವಿನಲ್ಲೂ ನಿಧಾನ ಮಾಡಿ ಕಿವಿಗೊಟ್ಟೆ. ಎಮ್ಮೆ ಹೊಡ್ಕೊಂಡ್ ಹೋದಂಗೆ ಓಟ್ತೀಯ ಎಂದು ಅತ್ತೆ ಹಿಂದಿನಿಂದ ಗೊಣಗಿದರು.

ತೋಟದ ಗೇಟಿನ ಮುಂದೆ ಇಂಜಿನ್ ಆರಿಸಿದೆ. ಆಗ ಬಾನೆಟ್ಟಿನೊಳಗಿಂದ ಟಿಕ್, ಟಿಕ್ ಎಂದು ಕೇಳಿಸಿತು. ಬಾಗಿಲಿಗೆ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ.

"ಬಿಸಿ ಆರ್ತದೆ, ಅಷ್ಟೇ" ಎಂದರು ಅತ್ತೆ. "ಒಲೆಯಿಂದ ಇಳಿಸಿದ ಬಾಣಲಿ ಸದ್ದು ಮಾಡಲ್ವಾ?"

ಅವರು ಬುಟ್ಟಿ ಹಿಡಿದು ಇಳಿದು, ಬಂಡೆಯ ಕಡೆಗೆ ನಡೆದರು. ಆ ಸದ್ದು ಪೂರ್ತಿ ನಿಲ್ಲುವವರೆಗೂ ನಾನು ಬಾಗಿಲು ತೆರೆಯಲಿಲ್ಲ.